ಕೊಟ್ಟೆನೆಂದ ಬೆಲ್ಲ

ಅತ್ತಿಗೆ, ಅವತ್ತು ನಾನು ಬೆಲ್ಲ ಕೊಡಲಿಲ್ಲ.

ಕೊಟ್ಟೆ ಎಂದದ್ದು ಸುಳ್ಳು. ಬಸಣ್ಣ ಕುಡಿದಿದ್ದ ಎಂದದ್ದು ಸುಳ್ಳು. ಎದೆ ಹಿಡಿದು ಸತ್ತ ಎಂದದ್ದೂ ಸುಳ್ಳು. ಇಪ್ಪತ್ತೆರಡು ವರ್ಷ ನೀವು ಈ ಸುಳ್ಳುಗಳ ಜೊತೆ ಒಂದೇ ಅಂಗಳದಲ್ಲಿ ಬದುಕಿದ್ದೀರಿ. ನನ್ನ ಮನೆಯ ಹಬ್ಬಕ್ಕೆ ಹೋಳಿಗೆ ತಟ್ಟಿದ್ದೀರಿ, ನನ್ನ ಮಕ್ಕಳಿಗೆ ಎಣ್ಣೆ ಹಚ್ಚಿ ನೀರು ಹಾಕಿದ್ದೀರಿ. ನಿಮ್ಮ ಗಂಡನನ್ನು ಹೊಡೆದು ಕೊಂದವರಲ್ಲಿ ನಾನೂ ಒಬ್ಬ. ಒಬ್ಬ ಅಂತ ಯಾಕೆ ಅನ್ನಲಿ — ಮೊದಲ ಏಟು ನನ್ನದು.

ನಿಮಗೆ ಓದಲು ಬರುವುದಿಲ್ಲ. ಪಂಚಮಿಗೆ ತವರಿಗೆ ಬಂದಿರುವ ಗಿರಿಜಾ ಇದನ್ನು ಓದಿ ಹೇಳುತ್ತಾಳೆ. ಅಪ್ಪ ಹೇಗೆ ಸತ್ತ ಎಂಬುದನ್ನು ಮಗಳು ತನ್ನ ಬಾಯಿಂದಲೇ ಅವ್ವನಿಗೆ ಓದಿ ಹೇಳುವ ಹಾಗೆ ಮಾಡಿದ್ದೇನೆ, ಇದೂ ನನ್ನ ಲೆಕ್ಕಕ್ಕೇ ಸೇರಲಿ. ಎದುರು ನಿಂತು ಹೇಳಬೇಕೆಂದು ಎರಡು ಸಲ ನಿಮ್ಮ ಕಟ್ಟೆಯ ತನಕ ಬಂದೆ. ಒಂದು ಸಲ ನೀವು ಅಕ್ಕಿಯಲ್ಲಿ ಕಲ್ಲು ಆರಿಸುತ್ತಿದ್ದಿರಿ. ತಲೆ ಎತ್ತಿ ನೋಡಿದಿರಿ. ಎಮ್ಮೆ ಹಾಲು ಎಷ್ಟು ಕೊಟ್ಟಿತು ಎಂದು ಕೇಳಿ ವಾಪಸು ಬಂದೆ. ಐವತ್ತೇಳರ ಗಂಡಸು, ಮೊಮ್ಮಕ್ಕಳಿರುವವನು — ಎಮ್ಮೆಯ ಹಾಲು ಕೇಳಿ ಬಂದೆ.

ಹೋದ ತಿಂಗಳು ಹಿಟ್ಟಿನ ಗಿರಣಿಯ ಮುಂದೆ ನಡೆದದ್ದು ನಡೆಯದೆ ಇದ್ದಿದ್ದರೆ ನಾನು ಈ ಕಾಗದ ಬರೆಯುತ್ತಿದ್ದೆನೇ? ಇಲ್ಲ. ಬಾಯಿ ಮುಚ್ಚಿಕೊಂಡೇ ಸಾಯುತ್ತಿದ್ದೆ. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಆಮೇಲೆ ನನಗೆ ಯಾರೂ ಒಳ್ಳೆಯತನದ ಹಣೆಪಟ್ಟಿ ಕಟ್ಟಬಾರದು.

ಅವತ್ತು ಬೆಳಗ್ಗೆ ಸಕ್ಕರೆ ಕಾಯಿಲೆಯ ಸೂಜಿ ಚುಚ್ಚಿಕೊಂಡೆ, ಸೊಸೆಯ ಜೊತೆ ಕೆಲಸಕ್ಕೆ ಬಾರದ ಮಾತಿಗೆ ಜಗಳ ತೆಗೆದು, ಉಣ್ಣದೆ ಹೊರಟುಬಿಟ್ಟೆ. ಗಿರಣಿಯ ತನಕ ಹೋದದ್ದು ನೆನಪಿದೆ. ಆಮೇಲಿನದು ಊರವರು ಹೇಳಿದ್ದು. ಯಾರದೋ ಹಿಟ್ಟಿನ ಡಬ್ಬ ಒದ್ದೆನಂತೆ. ಗಿರಣಿಯವನ ಅಂಗಿ ಹರಿದೆನಂತೆ. ಬಿಡಿಸಲು ಬಂದ ನಿಮ್ಮನ್ನು ಬಾಯಿಗೆ ಬಂದ ಹಾಗೆ ಬೈದು ಮೊಣಕೈಯಿಂದ ತಿವಿದೆನಂತೆ, ನಿಮ್ಮ ತುಟಿ ಒಡೆಯಿತಂತೆ. "ಈರಣ್ಣ ಹಗಲೇ ಏರಿಸ್ಯಾನ, ಕಟ್ಟಿ ಹಾಕ್ರಿ ಆ ಕಂಬಕ್ಕ" ಎಂದು ಒಬ್ಬ ಹಗ್ಗ ತಂದನಂತೆ. ಆಗ ನೀವು ಹೇಳಿದಿರಂತೆ — "ಕಟ್ಟಬ್ಯಾಡ್ರಿ. ಅವ ಕುಡದಿಲ್ಲ. ಬೆಲ್ಲ ತರ್ರಿ ಜಲ್ದಿ."

ನನಗೆ ತಿರುಗಿ ಎಚ್ಚರ ಬಂದಾಗ ಬಾಯಲ್ಲಿ ಬೆಲ್ಲದ ರುಚಿ ಇತ್ತು, ರಕ್ತದ ರುಚಿಯೂ ಇತ್ತು. ರಕ್ತ ನಿಮ್ಮ ಬೆರಳಿನದು, ನಾನು ಕಚ್ಚಿದ್ದೆ. ಕಚ್ಚಿದರೂ ನೀವು ಬೆರಳು ತೆಗೆಯದೆ ಬೆಲ್ಲ ಒಳಗೆ ತುರುಕಿದ್ದಿರಿ. ಸೆರಗಿನಿಂದ ನನ್ನ ಮುಖದ ಬೆವರು ಒರೆಸಿ, ನಿಮ್ಮ ತುಟಿ ಒರೆಸಿಕೊಂಡು, ನನ್ನನ್ನೇ ನೋಡುತ್ತ ಕುಳಿತಿರಿ. ಆಮೇಲೆ ಕೇಳಿದಿರಿ:

"ಈರಣ್ಣ, ಹತ್ತು ನಿಮಿಷದಾಗ ಮನುಷಾ ಆದಿ. ಅವತ್ತು ನೀ ಕೊಟ್ಟ ಬೆಲ್ಲ ಯಾಕ ನಾಟಲಿಲ್ಲ?"

"ತಡ ಆಗಿತ್ತು, ಅತ್ತಿಗೆ" ಎಂದೆ. ಅದೂ ಒಂದು ಸುಳ್ಳೇ. ತಡ ಆಗಿರಲಿಲ್ಲ, ನಾನು ತಡ ಮಾಡಿದ್ದೆ.

ಬೆಲ್ಲದ ವಿಷಯ ನಿಮಗೆ ಮೊದಲೇ ಗೊತ್ತಿತ್ತು, ಆದರೆ ಹೊಡೆದಾಡುವವನನ್ನು ಕಂಡೂ ಕುಡಿದಿಲ್ಲ ಎಂದದ್ದು ಎಲ್ಲಿ ಕಲಿತ ಮಾತು ಎಂಬುದು ನನಗೆ ಗೊತ್ತು. ಬೇಸಿಗೆಯಲ್ಲಿ ಶಾಲೆಯಲ್ಲಿ ನಡೆದ ಆರೋಗ್ಯ ಶಿಬಿರಕ್ಕೆ ನಾವೆಲ್ಲ ಹೋಗಿದ್ದೆವಲ್ಲ. ಹೊಸಪೇಟೆಯಿಂದ ಬಂದ ಡಾಕ್ಟರಮ್ಮ ಗೋಡೆಗೆ ಒಂದು ದೊಡ್ಡ ಹಾಳೆ ತೂಗುಹಾಕಿದ್ದಳು. ಅದರಲ್ಲಿ ಕೆಂಪು ಗೆರೆ ಕೆಳಗಿನಿಂದ ಮೇಲಕ್ಕೆ ಏರುತ್ತ ಹೋಗಿತ್ತು. ದೇಶದಲ್ಲಿ ಹಿಂದೆ ಕಾಲರಾ, ಸಿಡುಬು ಬಂದು ಸಾಯುತ್ತಿದ್ದರು, ಈಗ ಹೃದಯ ರೋಗ ಮತ್ತು ಸಕ್ಕರೆ ಕಾಯಿಲೆಯಿಂದ ಸಾಯುವವರು ವರ್ಷದಿಂದ ವರ್ಷಕ್ಕೆ ಹೆಚ್ಚುತ್ತಿದ್ದಾರೆ, ಇದು ಪಟ್ಟಣದವರ ರೋಗ ಎಂದು ತಿಳಿದಿದ್ದೆವು, ಕಾಲುವೆಯ ಊರುಗಳಿಗೂ ಬಂದಿದೆ ಎಂದಳು. ಹಿಂದೆ ಕುಳಿತ ಒಬ್ಬ ಮುದುಕ ಕೇಳಿದ — "ದೇಶದಾಗ ಸತ್ತೋರನ್ನ ಯಾರು ಎಣಿಸ್ತಾರ್ರಿ, ಡಾಕ್ಟರಮ್ಮ?"

"ನಿಮ್ಮೂರಾಗ ಯಾರರ ಸತ್ತರ ಯಾತಕ್ಕ ಸತ್ತ ಅಂತ ಬರಸ್ತೀರಲ್ಲ, ಯಜಮಾನರ? ಹಂಗ ಊರೂರಾಗ ಬರದಿದ್ದೆಲ್ಲ ಕೂಡಿ ಮ್ಯಾಲೆ ಹೋಗ್ತೈತಿ. ಅದರಿಂದನ ಈ ಗೆರಿ."

ಆ ಗೆರೆಯಲ್ಲಿ ಎಲ್ಲೋ ಒಂದು ಕಡೆ ಬಸಣ್ಣ ಇದ್ದಾನೆ. ಅವನನ್ನು ಅಲ್ಲಿ ಕೂರಿಸಿದವನು ನಾನು. ಊರಿನ ಜನನ ಮರಣ ಬರೆಯುವವರು ಬಂದು ಕೇಳಿದಾಗ "ಎದಿ ಹಿಡಕಂಡು ಬಿದ್ದನ್ರಿ" ಎಂದವನು ನಾನೇ, ಅವರು ತಲೆ ಬಗ್ಗಿಸಿ 'ಹೃದಯಾಘಾತ' ಎಂದು ಬರೆದರು. ಸ್ವಂತ ತಮ್ಮ ಹೇಳಿದ ಮೇಲೆ ಯಾರು ತಾನೇ ಅನುಮಾನ ಪಡುತ್ತಾರೆ? ದೇಶದ ಉಳಿದ ಗೆರೆ ನಿಜವೇ ಇರಬಹುದು, ಅದರ ಮೇಲೆ ನನಗೆ ಏನೂ ತಕರಾರಿಲ್ಲ. ಈಗ ನಾನೇ ಆ ರೋಗಿ. ಆದರೆ ಅದರಲ್ಲಿ ಒಂದು ಚುಕ್ಕೆ, ಒಂದೇ ಒಂದು, ನನ್ನ ನಾಲಿಗೆಯಿಂದ ಬಿದ್ದದ್ದು.

ಅದೇ ಶಿಬಿರದಲ್ಲಿ ನರ್ಸು ಒಬ್ಬೊಬ್ಬರನ್ನೇ ಕೇಳುತ್ತ ಬಂದಳು — ನಿಮ್ಮ ಮನೆತನದಲ್ಲಿ ಯಾರಾದರೂ? ಆಗಲೂ ತವರಿಗೆ ಬಂದಿದ್ದ ಗಿರಿಜಾ ಹೇಳಿದಳು: "ನಮ್ಮಪ್ಪ. ಹಾರ್ಟು." ಈ ಹುಡುಗಿ ಎದೆಯಲ್ಲಿ ಒಂದು ಚಳಕು ಬಂದರೂ ಕೆಲಸ ಬಿಟ್ಟು ಗೋಡೆಗೆ ಒರಗಿ ಕೂರುತ್ತಾಳೆ, ಅಪ್ಪನ ಹಾಗೆ ತಾನೂ ಹೋದರೆ ಮಕ್ಕಳ ಗತಿ ಏನು ಎಂದು ಹೊಸಪೇಟೆಗೆ ಓಡುತ್ತಾಳೆ. ಗಿರಿಜಾ, ಓದುತ್ತಿದ್ದೀಯಲ್ಲ — ನಿನ್ನ ಅಪ್ಪನ ಎದೆ ಎತ್ತಿನ ಎದೆಯ ಹಾಗಿತ್ತು. ಅದು ಸಾಯಲು ಎಷ್ಟು ಏಟು ಬೇಕಾಯಿತು ಎಂಬುದನ್ನು ನಾನು ನೋಡಿದ್ದೇನೆ.

ಡಾಕ್ಟರಮ್ಮ ಕೊನೆಗೆ ಇನ್ನೊಂದು ಮಾತು ಹೇಳಿದಳು. ಸೂಜಿ ತೆಗೆದುಕೊಳ್ಳುವವರು ಉಣ್ಣದೆ ಇದ್ದರೆ ರಕ್ತದ ಸಕ್ಕರೆ ಇಳಿದುಬಿಡುತ್ತದೆ, ಬೆವರುತ್ತಾರೆ, ತೊದಲುತ್ತಾರೆ, ಗುರುತು ಸಿಗದೆ ಹೊಡೆದಾಡುತ್ತಾರೆ, ಕುಡಿದಿದ್ದಾರೆ ಎಂದುಕೊಳ್ಳಬೇಡಿ, ಬಾಯಿಗೆ ಬೆಲ್ಲ ಹಾಕಿ ಎಂದು. ಗಂಡಸರ ಸಾಲಿನಲ್ಲಿ ನಾಲ್ಕೈದು ಹಳೆಯ ತಲೆಗಳು ಒಮ್ಮೆಲೇ ಕೆಳಗೆ ಬಗ್ಗಿದವು. ಅವರೆಲ್ಲ ಅಣ್ಣ ಸತ್ತ ದಿನ ಕಾಲುವೆಯ ತೂಬಿನ ಹತ್ತಿರ ಇದ್ದವರು. ಅವರಿಗೆ ಅವತ್ತೇ ಮೊದಲ ಸಲ ತಿಳಿಯಿತು. ನನಗೆ ಇಪ್ಪತ್ತೆರಡು ವರ್ಷದ ಹಿಂದೆಯೇ ತಿಳಿದಿತ್ತು.

ಬಸಣ್ಣ ನಮ್ಮೂರಿನ ಮೊದಲ ಸಕ್ಕರೆ ರೋಗಿ. ಕಾಲುವೆ ಬಂದು, ಜೋಳದ ಹೊಲವೆಲ್ಲ ಭತ್ತ ಕಬ್ಬು ಆಗಿ, ಮೂರು ಹೊತ್ತು ಅನ್ನ ಉಣ್ಣುವ ಕಾಲ ಬಂದಿತ್ತು. "ಕಬ್ಬು ಬೆಳದಾವನ ಮೈಯಾಗ ಸಕ್ಕರಿ ಬರಲಾರದ ಬೇವಿನ ಎಣ್ಣಿ ಬರ್ತೈತೇನು" ಎಂದು ಅವನೇ ನಗುತ್ತಿದ್ದ. ಇನ್ಸುಲಿನ್ ಸೀಸೆಯನ್ನು ನೀವು ಒದ್ದೆ ಮರಳಿನ ಗಡಿಗೆಯಲ್ಲಿ ಹೂತಿಡುತ್ತಿದ್ದಿರಿ. ಗಾಜಿನ ಸಿರಿಂಜು ಕುದಿಸಿ ಚುಚ್ಚುವುದನ್ನು ನಾನು ಕಂಪ್ಲಿಯ ಆಸ್ಪತ್ರೆಯಲ್ಲಿ ಹದಿನೈದು ದಿನ ನಿಂತು ಕಲಿತು ಬಂದಿದ್ದೆ. ದಿನಾ ಬೆಳಗ್ಗೆ ಅಣ್ಣ ಅಂಗಿ ಎತ್ತಿ ನನ್ನ ಮುಂದೆ ಕೂರುತ್ತಿದ್ದ. ನಾನು ಒಂಬತ್ತು ವರ್ಷದವನಿದ್ದಾಗ ಅಪ್ಪ ಸತ್ತ ಮೇಲೆ ನನ್ನನ್ನು ಸಾಕಿದವನು, ಹತ್ತು ಜನರ ನಡುವೆ ನನ್ನನ್ನು 'ಲೇ ಗೂಬೆ' ಎಂದೇ ಕರೆಯುವವನು — ಸೂಜಿ ಕಂಡರೆ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಆ ಒಂದು ಗಳಿಗೆ ನನಗೆ ಹಿತವಾಗಿರುತ್ತಿತ್ತು. ಇದನ್ನೂ ಒಪ್ಪಿಕೊಳ್ಳುತ್ತೇನೆ.

ರೋಗ ತಿಳಿದ ದಿನವೇ ಅವನು ಸಾರಾಯಿ ಬಿಟ್ಟಿದ್ದ. ಗಿರಿಜಾಳ ತಲೆ ಮುಟ್ಟಿ ಆಣೆ ಮಾಡಿದ್ದ. ಎರಡು ವರ್ಷ ಒಂದು ಹನಿ ಮುಟ್ಟಲಿಲ್ಲ, ನೀವು ಅದನ್ನು ಬಾವಿಯ ಹತ್ತಿರ ಎಲ್ಲರಿಗೂ ಹೇಳಿಕೊಂಡು ತಿರುಗುತ್ತಿದ್ದಿರಿ. ಆಣೆ ಮುರಿದ ಎಂದು ಆಮೇಲೆ ನೀವು ಅವನ ಫೋಟೋಕ್ಕೆ ಒಂದು ವರ್ಷ ಹೂ ಹಾಕಲಿಲ್ಲ. ಅವನು ಆಣೆ ಮುರಿದಿರಲಿಲ್ಲ, ಅತ್ತಿಗೆ.

ಆ ದಿನ ಬೆಳಗ್ಗೆ ಸೂಜಿ ಚುಚ್ಚಿ ಇನ್ನೂ ಹತ್ತಿ ಒತ್ತುತ್ತಿದ್ದೆ, ನೀರುಗಂಟಿ ಬಂದು ಮೇಲಿನ ಊರಿನವರು ಮಣ್ಣಿನ ಚೀಲ ಹಾಕಿ ನಮ್ಮ ತೂಬು ಕಟ್ಟಿದ್ದಾರೆ ಎಂದ. ಭತ್ತ ಹೊಡೆ ಒಡೆಯುವ ಹೊತ್ತು, ನಾಲ್ಕು ದಿನ ನೀರಿಲ್ಲದಿದ್ದರೆ ಹೊಲವೆಲ್ಲ ಜೊಳ್ಳು. ಅಣ್ಣ ತಟ್ಟೆಯ ಮುಂದೆ ಕುಳಿತಿದ್ದ. ನೀವು ಹಂಚಿನ ಮೇಲೆ ರೊಟ್ಟಿ ಹಾಕಿದ್ದಿರಿ. ನಾನೇ ಅವನ ತೋಳು ಹಿಡಿದು ಎಬ್ಬಿಸಿದೆ — "ಊಟ ಆಮ್ಯಾಗ, ಮೊದಲ ನೀರು." ನೀವು ಬಾಗಿಲ ತನಕ ಓಡಿ ಬಂದಿರಿ. "ಎರಡು ತುತ್ತರ ತಿಂದು ಹೋಗ್ರಿ" ಎಂದಿರಿ. ಅವನು ನಿಲ್ಲಲಿಲ್ಲ. ಆಗ ನೀವು ಒಂದು ಬೆಲ್ಲದ ತುಂಡನ್ನು ಕಾಗದದಲ್ಲಿ ಸುತ್ತಿ ನನ್ನ ಕೈಯಲ್ಲಿಟ್ಟಿರಿ: "ನಿನ್ನ ಕಡೆ ಇಟ್ಕ ಈರಣ್ಣ. ಬೆವತರ ಬಾಯಾಗ ಹಾಕು."

ಅಂಗಿಯ ಜೇಬಿನಲ್ಲಿ ಇಟ್ಟುಕೊಂಡೆ. ಬೆವತರೆ ಏನು ಮಾಡಬೇಕೆಂದು ನನಗೆ ಗೊತ್ತಿತ್ತು. ಅದಕ್ಕೂ ಮೊದಲು ಎರಡು ಸಲ ಮನೆಯಲ್ಲೇ ಹಾಗಾಗಿ, ಎರಡು ಸಲವೂ ನಾನೇ ಬೆಲ್ಲ ಹಾಕಿ ಎಬ್ಬಿಸಿದ್ದೆ. ತಿಳಿಯದೆ ಮಾಡಿದೆ ಎಂದು ಹೇಳುವ ದಾರಿ ನನಗಿಲ್ಲ.

ತೂಬಿನ ಹತ್ತಿರ ಎರಡೂ ಕಡೆಯವರು ಸೇರಿ ಮೂವತ್ತು ಜನ ಇದ್ದೆವು. ಮೊದಲು ಬಾಯಿ, ಆಮೇಲೆ ತಾಯಿ ತಂಗಿಯರ ಹೆಸರು, ಆಮೇಲೆ ಸಲಿಕೆ ಎತ್ತುವುದು — ಕಾಲುವೆಯ ಜಗಳಗಳಿಗೆ ಇದೊಂದು ಕ್ರಮವೇ ಇದೆ, ಬಹಳ ಸಲ ಎತ್ತಿದ ಸಲಿಕೆ ಹಾಗೇ ಇಳಿಯುತ್ತದೆ. ಒಂದು ತಾಸಿಗೂ ಮೇಲೆ ಬಿಸಿಲಲ್ಲಿ ಕೂಗಾಡಿದೆವು. ನಮ್ಮ ಪರವಾಗಿ ಮಾತಾಡಬೇಕಾದ ಅಣ್ಣ ಸುಮ್ಮನೆ ನಿಂತಿದ್ದ. ತಿರುಗಿ ನೋಡಿದೆ. ಮೇಲ್ತುಟಿಯ ಮೇಲೆ ಬೆವರು ಸಾಲುಗಟ್ಟಿತ್ತು. ಕೆಳತುಟಿ ಅದುರುತ್ತಿತ್ತು. ಕೈ ಜೇಬಿಗೆ ಹಾಕಿ, ಕಾಗದದ ಒಳಗಿನ ಬೆಲ್ಲ ಹಿಡಿದು ಅವನ ಹತ್ತಿರ ಹೋದೆ. ಇಲ್ಲಿಯ ತನಕ ನಾನು ನಿಮ್ಮ ಮೈದುನನೇ.

ಅವನಿಗೆ ನಾನು ಯಾರೆಂದು ತಿಳಿಯಲಿಲ್ಲ. ಗಂಟಲಿಗೆ ಕೈ ಹಾಕಿದ. ತೂಬಿನ ಕಲ್ಲಿಗೆ ನನ್ನ ತಲೆ ಬಡಿದ, ಒಂದಲ್ಲ ಎರಡು ಸಲ. ಕಾಲಿನ ಚಪ್ಪಲಿ ಕೈಗೆ ತೆಗೆದುಕೊಂಡು ಮುಖಕ್ಕೆ ಹೊಡೆದ. ಎರಡೂ ಊರಿನ ಜನರ ಎದುರು. "ನನ್ನ ಎಂಜಲ ತಿಂದು ಬೆಳದ ನಾಯಿ" ಎಂದ. ತೊದಲುತ್ತ ಹೇಳಿದರೂ ಎಲ್ಲರಿಗೂ ಸ್ಪಷ್ಟವಾಗಿ ಕೇಳಿತು. ಮೇಲಿನ ಊರಿನವರು ನಕ್ಕರು. ನಮ್ಮವರೂ — ಒಬ್ಬಿಬ್ಬರು ನಕ್ಕರು.

ಅದು ಅವನ ಮಾತಲ್ಲ, ರೋಗದ ಮಾತು. ಗೊತ್ತಿತ್ತು. ಆದರೂ ಮನಸ್ಸಿನ ತಳದಲ್ಲಿ ಇರದ ಮಾತು ರೋಗ ಬಂದ ಮಾತ್ರಕ್ಕೆ ಎಲ್ಲಿಂದ ಬಂತು ಎಂದು ಅನ್ನಿಸಿಬಿಟ್ಟಿತು. ಹೋದ ತಿಂಗಳು ಗಿರಣಿಯ ಮುಂದೆ ನಾನು ನಿಮ್ಮನ್ನು ಏನೇನು ಬೈದೆ ಎಂದು ಕೇಳಿ ತಿಳಿದ ಮೇಲೆ ನನಗೆ ಅರ್ಥವಾಯಿತು, ಅಂಥ ಮಾತಿಗೆ ತಳ ಬುಡ ಇರುವುದಿಲ್ಲ. ಅವತ್ತು ಮಾತ್ರ ನನ್ನ ಕೈ ಜೇಬಿನಿಂದ ಬರಿದೇ ಹೊರಗೆ ಬಂತು. ಬೆಲ್ಲ ಒಳಗೇ ಉಳಿಯಿತು. ಆ ಕೈ ಸಲಿಕೆ ಎತ್ತಿಕೊಂಡಿತು.

ಸಲಿಕೆಯ ಮರದ ಕಾವಿನಿಂದ ಅವನ ಮೊಣಕಾಲಿಗೆ ಹೊಡೆದೆ. ಬಿದ್ದ. ಎದ್ದ. ಎದ್ದವನು ಯಾರದೋ ಸಲಿಕೆ ಕಿತ್ತುಕೊಂಡು ಬೀಸಿದ, ಅದು ಮೇಲಿನ ಊರಿನ ಮಾರೆಪ್ಪನ ಬಾಯಿಗೆ ಬಿದ್ದು ಎರಡು ಹಲ್ಲು ಉದುರಿದವು. ರಕ್ತ ನೋಡಿದ ಮೇಲೆ ಎಲ್ಲರೂ ಒಂದು ಹೆಜ್ಜೆ ಹಿಂದೆ ಸರಿದರು. ಮಾರೆಪ್ಪನ ತಮ್ಮ ನನ್ನ ಕಡೆ ತಿರುಗಿ ಕೇಳಿದ — "ಏನಾಗೇತಲೇ ನಿಮ್ಮಣ್ಣಗ?"

ಅವನು ನಿಜವಾಗಿ ಕೇಳಿದ, ಅತ್ತಿಗೆ. ಕೈಯಲ್ಲಿ ಬಡಿಗೆ ಇತ್ತು, ಆದರೂ ತಡೆದು ನಿಂತು ಕೇಳಿದ. ಸಕ್ಕರೆ ಇಳಿದಿದೆ, ಹಿಡಿದುಕೊಳ್ಳಿ, ಬಾಯಿಗೆ ಬೆಲ್ಲ ಹಾಕಬೇಕು — ಇಷ್ಟು ಹೇಳಿದ್ದರೆ ಆ ಮೂವತ್ತು ಜನವೂ ಅವನನ್ನು ಹಿಡಿದು ಮಲಗಿಸುತ್ತಿದ್ದರು. ನನ್ನ ಕೆನ್ನೆಯ ಮೇಲೆ ಚಪ್ಪಲಿಯ ಧೂಳು ಇನ್ನೂ ಇತ್ತು.

"ಕುಡದಾನ" ಎಂದೆ.

ಆಮೇಲೆ ಎರಡೂ ಊರಿನವರು ಒಂದಾದರು. ನೀರಿಗೆ ಒಂದಾಗದವರು ಅವನನ್ನು ಹೊಡೆಯಲು ಒಂದಾದರು. ಬಡಿಗೆ, ಸಲಿಕೆಯ ಕಾವು, ಕಾಲು. ಪಕ್ಕೆಗೆ ಬಿದ್ದ ಏಟಿನ ಸದ್ದು ನನಗೆ ಇವತ್ತಿಗೂ ಕೇಳುತ್ತದೆ, ಗೊಬ್ಬರದ ಚೀಲವನ್ನು ಟ್ರಾಕ್ಟರಿನಿಂದ ಕೆಳಗೆ ಎಸೆದ ಹಾಗೆ. ಅವನು ಕೂಗಲಿಲ್ಲ. ಎದ್ದೇಳುತ್ತಿದ್ದ, ಬೀಳಿಸುತ್ತಿದ್ದರು. ನಾನೂ ಹೊಡೆದೆ. ಎಷ್ಟು ಎಂದು ಕೇಳಿದರೆ — ಗೊತ್ತಿಲ್ಲ. ಬೇರೆಯವರು ನಿಲ್ಲಿಸಿದ ಮೇಲೂ ಒಂದು ಏಟು ನನ್ನದು ಇತ್ತು, ಅದು ಗೊತ್ತು.

"ಅಮಲು ಇಳೀಲಿ" ಎಂದು ಎತ್ತಿನ ಹಗ್ಗದಿಂದ ಅವನ ಎರಡೂ ಕೈಗಳನ್ನು ತೂಬಿನ ಕಬ್ಬಿಣದ ಸರಳಿಗೆ ಕಟ್ಟಿದರು. ಕಾಲುವೆಯ ನೀರು ತಂದು ತಲೆಗೆ ಸುರಿದರು. ಕುಡುಕರಿಗೆ ನಮ್ಮ ಕಡೆ ಮಾಡುವುದೇ ಹೀಗೆ, ಕಟ್ಟಿ, ನೀರು ಸುರಿದು, ಬಿಸಿಲಿಗೆ ಬಿಡುವುದು. ಅಮಲು ಇಳಿದ ಮೇಲೆ ಅವರೇ ಕೈ ಮುಗಿದು ಮನೆಗೆ ಹೋಗುತ್ತಾರೆ. ಇಳಿಯಲು ಇವನ ಮೈಯಲ್ಲಿ ಏನೂ ಇರಲಿಲ್ಲ. ಇಳಿಯಬಾರದ್ದೇ ಇಳಿಯುತ್ತಿತ್ತು. ಕೈ ಕಾಲು ಜಗ್ಗತೊಡಗಿದವು, ಬಾಯಲ್ಲಿ ನೊರೆ ಬಂತು. "ನಾಟಕ ಮಾಡ್ತಾನ ನೋಡು" ಎಂದು ಯಾರೋ ಅಂದರು. ನಾನು ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕುಳಿತು ಬೀಡಿ ಹಚ್ಚಿದೆ. ಅದು ಮುಗಿದ ಮೇಲೆ ಇನ್ನೊಂದು. ಜೇಬಿನ ಬೆಲ್ಲ ಬಿಸಿಲಿಗೆ ಕರಗಿ ಅಂಗಿಗೆ ಅಂಟಿಕೊಳ್ಳುತ್ತಿತ್ತು, ಎದೆಯ ಮೇಲೆ ಅದರ ತೇವ ತಿಳಿಯುತ್ತಿತ್ತು. ಅವನಿಂದ ಹತ್ತು ಮಾರಿನಲ್ಲಿ ನಮ್ಮದೇ ಕಬ್ಬಿನ ತೋಟ.

ಯಾಕೆ ಏಳಲಿಲ್ಲ? ಈ ಪ್ರಶ್ನೆಯನ್ನು ಎಷ್ಟೋ ಸಲ ಕೇಳಿಕೊಂಡಿದ್ದೇನೆ. ಸಾಯಲಿ ಎಂದುಕೊಂಡೆನೇ? ಇಲ್ಲ — ಎಂದು ಬರೆಯಲು ಕೈ ಹೋಗುತ್ತದೆ. ಇನ್ನು ಸ್ವಲ್ಪ ಹೊತ್ತು ಹೀಗೇ ಇರಲಿ ಎಂದುಕೊಂಡೆ. ಇನ್ನೂ ಸ್ವಲ್ಪ. ಅವನು ಕಟ್ಟಿಸಿಕೊಂಡು, ತಲೆ ಜೋತು, ನನ್ನ ಮುಂದೆ — ಅದನ್ನು ನೋಡುವುದು ಬೇಕಾಗಿತ್ತು ನನಗೆ. ಇದಕ್ಕಿಂತ ಚೆನ್ನಾದ ಉತ್ತರ ನನ್ನಲ್ಲಿಲ್ಲ.

ಅಷ್ಟರಲ್ಲಿ ಮೇಲಿನವರು ಕೆಳಗಿನವರು ರಾಜಿಯಾಗಿ ಮಣ್ಣಿನ ಚೀಲಗಳನ್ನು ಎತ್ತಿದರು. ನೀರು ಬಂತು. ನಾನು ಎದ್ದು ಹೋಗಿ ಹಗ್ಗ ಬಿಚ್ಚಿದೆ. ಅಣ್ಣ ನನ್ನ ಮೇಲೆ ಒರಗಿದ, ಭಾರ ಎಲ್ಲ ನನ್ನ ಮೇಲೇ. ಕಾಗದ ಕಿತ್ತು ಬೆಲ್ಲವನ್ನು ಬಾಯಿಗೆ ತುರುಕಿದೆ. ಕಾದೆ. ಗಲ್ಲ ಅಲುಗಿಸಿದೆ. ಬೆಲ್ಲ ನಾಲಿಗೆಯ ಮೇಲೆ ಇಟ್ಟ ಹಾಗೇ ಇತ್ತು. ಇನ್ನೂ ಸಣ್ಣಗೆ ಉಸಿರಿತ್ತು. ಟ್ರಾಕ್ಟರಿನ ಹಿಂದಿನ ಡಬ್ಬಿಯಲ್ಲಿ ಮಲಗಿಸಿ ಕಂಪ್ಲಿಗೆ ಹೊರಟೆವು, ಅರ್ಧ ದಾರಿಯಲ್ಲಿ ಆ ಉಸಿರೂ ನಿಂತಿತು. ಅವನ ಬಾಯಿಯೊಳಗೆ ಬೆರಳು ಹಾಕಿ ಬೆಲ್ಲ ತೆಗೆದು ಕಾಲುವೆಗೆ ಎಸೆದೆ, ಯಾರೂ ನೋಡಬಾರದೆಂದು.

ಅದಕ್ಕೇ ನೀವು ಹೆಣದ ತಲೆದೆಸೆಯಲ್ಲಿ ಕುಳಿತು "ಬೆಲ್ಲ ಕೊಟ್ಟಿಯೇನು, ಈರಣ್ಣ?" ಎಂದು ಕೇಳಿದಾಗ ನನ್ನ ಬಾಯಿಂದ ಸಲೀಸಾಗಿ ಬಂತು — "ಕೊಟ್ಟೆ. ತಿಂದ." ತಡವಾಗಿಯಾದರೂ ಬಾಯಿಗೆ ಇಟ್ಟೆ, ಕೊಟ್ಟದ್ದು ಸುಳ್ಳಲ್ಲವಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಬೆಲ್ಲ ಕೊಟ್ಟ ಮೇಲೂ ಸತ್ತ ಎಂದ ಮೇಲೆ ಅದು ಸಕ್ಕರೆಯಲ್ಲ, ಕುಡಿತ, ಎದೆ ಎಂದು ನೀವು ನಂಬಿದಿರಿ. ಮೈ ತೊಳೆಯುವಾಗ ಮಣಿಕಟ್ಟಿನ ಹಗ್ಗದ ಗುರುತು ನೋಡಿ ಇದೇನೆಂದು ಕೇಳಿದಿರಿ. ಕಾಲುವೆಗೆ ಬೀಳುತ್ತಿದ್ದ, ಉಳಿಸಲು ಕಟ್ಟಿದೆವು ಎಂದೆ. ಪಕ್ಕೆಯ ಕಪ್ಪು ಗುರುತುಗಳಿಗೆ ತೂಬಿನ ಕಲ್ಲಿನ ಹೆಸರು ಹೇಳಿದೆ. ಮೂವತ್ತು ಜನರಲ್ಲಿ ಒಬ್ಬನೂ ಬಾಯಿ ಬಿಡಲಿಲ್ಲ, ಎಲ್ಲರ ಬಡಿಗೆಯೂ ತಾಗಿತ್ತಲ್ಲ. ಗಿರಿಜಾಳಿಗೆ ಬಂದ ಗಂಗಾವತಿಯ ಸಂಬಂಧ 'ಕುಡುಕನ ಮಗಳು' ಎಂದು ತಪ್ಪಿಹೋದಾಗ ನಾನು ಆ ಮಾತು ನಡೆದ ಚಾವಡಿಯಲ್ಲೇ ಎಲೆ ಅಡಿಕೆ ಹಾಕುತ್ತ ಕುಳಿತಿದ್ದೆ. ಕೊನೆಗೆ ಮೆಟ್ರಿ ಎಂಬ ಊರಿನ ಎರಡನೇ ಮದುವೆಯವನಿಗೆ ಕೊಟ್ಟೆವು. ಅವಳ ಮದುವೆಗೆ ದುಡಿದ ಒಳ್ಳೆಯ ಚಿಕ್ಕಪ್ಪ ಎಂದು ಊರೆಲ್ಲ ಹೊಗಳಿತು, ನಾನು ಹೊಗಳಿಸಿಕೊಂಡೆ.

ಮೊನ್ನೆ ಹೊಸಪೇಟೆಗೆ ಹೋಗಿ ಕಚೇರಿಯಲ್ಲಿ ಕೇಳಿದೆ — ಇಪ್ಪತ್ತೆರಡು ವರ್ಷದ ಹಿಂದೆ ಬರೆಸಿದ ಸಾವಿನ ಕಾರಣ ತಿದ್ದಬಹುದೇ ಎಂದು. ಗುಮಾಸ್ತ ನನ್ನನ್ನು ಮೇಲೆ ಕೆಳಗೆ ನೋಡಿ, "ಅದು ಯಾವಾಗೋ ಮ್ಯಾಲೆ ಹೋಗೇತಿ, ಯಜಮಾನ. ಈಗ ಯಾಕ ನಿನಗ?" ಎಂದ. ಗೋಡೆಯ ಹಾಳೆಯ ಗೆರೆ ಹಾಗೇ ಉಳಿಯುತ್ತದೆ, ಅದನ್ನು ಇಳಿಸುವುದು ನನ್ನಿಂದ ಆಗುವುದಿಲ್ಲ. ಊರಿನ ಬಾಯಲ್ಲಿ ಇರುವುದನ್ನು ಇಳಿಸಬಹುದು.

ನಾಳೆ ಕಾಲುವೆಗೆ ನೀರು ಬಿಡುತ್ತಾರೆ. ಪ್ರತಿ ವರ್ಷದ ಹಾಗೆ ಎರಡೂ ಊರಿನವರು ತೂಬಿಗೆ ಅರಿಸಿನ ಕುಂಕುಮ ಹಚ್ಚಿ ಕಾಯಿ ಒಡೆಯಲು ಬರುತ್ತಾರೆ. ಅವತ್ತಿನವರಲ್ಲಿ ಅರ್ಧಕ್ಕಿಂತ ಹೆಚ್ಚು ಜನ ಇನ್ನೂ ಬದುಕಿದ್ದಾರೆ. ಅವರ ಮುಂದೆ, ಅವರ ಮಕ್ಕಳ ಮುಂದೆ, ಅದೇ ಕಲ್ಲಿನ ಮೇಲೆ ನಿಂತು ಬಸಣ್ಣ ಕುಡಿದಿರಲಿಲ್ಲ ಎಂದು ಹೇಳುತ್ತೇನೆ. ಬೆಲ್ಲ ಎಲ್ಲಿತ್ತು ಎಂದು ಹೇಳುತ್ತೇನೆ. ಅಲ್ಲಿಂದ ನೇರ ಕಂಪ್ಲಿಯ ಠಾಣೆಗೆ ಹೋಗುತ್ತೇನೆ. ಅವರು ಬರೆದುಕೊಳ್ಳುತ್ತಾರೋ, ಮುದುಕನಿಗೆ ಅರಳುಮರಳು ಎಂದು ಕಳಿಸುತ್ತಾರೋ ತಿಳಿಯದು. ನೀವು ಕ್ಷಮಿಸಿ ಎಂದು ಕೇಳುವುದಿಲ್ಲ. ಕೇಳಿದರೆ ನೀವು ಕೊಟ್ಟುಬಿಡುತ್ತೀರೋ ಎಂಬ ಭಯವಿದೆ ನನಗೆ.

ಗಿರಣಿಯ ಮುಂದೆ ಹಾಗಾದ ಮೇಲೆ ನೀವು ದಿನಾ ಬೆಳಗ್ಗೆ ಗೋಡೆಯ ಆಚೆಯಿಂದ "ಉಂಡಿಯೇನು, ಈರಣ್ಣ?" ಎಂದು ಕೂಗಿ ಕೇಳುತ್ತೀರಿ. "ಉಂಡೆ, ಅತ್ತಿಗೆ" ಎನ್ನುತ್ತೇನೆ. ಇದನ್ನು ಕೇಳಿದ ಮೇಲೆ ನಾಳೆ ನಿಮ್ಮ ಆ ಕೂಗು ಬರುವುದಿಲ್ಲ, ಬರಬಾರದು. ನಾನಾಗಿಯೇ ಸೂಜಿ ಚುಚ್ಚಿಕೊಂಡು, ಕುಳಿತು ಎರಡು ರೊಟ್ಟಿ ಪೂರ್ತಿ ತಿಂದು ತೂಬಿಗೆ ಹೊರಡುತ್ತೇನೆ. ಅಲ್ಲಿ ನಿಂತು ಹೇಳುವಾಗ ನಾನು ಬೆವರಬಾರದು, ನನ್ನ ನಾಲಿಗೆ ತೊದಲಬಾರದು. ಇವನು ಕುಡಿದು ಮಾತಾಡುತ್ತಿದ್ದಾನೆ ಎಂದು ಒಬ್ಬನೂ ಅನ್ನಬಾರದು.